ಹಬ್ಬದ ಹೊರೆ ಹಂಚಿದರೆ ಹಗುರ: ಚೌತಿಯ ಕಾಲದ ಮಾನಸಿಕ ಒತ್ತಡ, ಆರೋಗ್ಯ ಮತ್ತು ಗ್ರಾಮ ಪಂಚಾಯತ್ ಸದಸ್ಯರ ಪಾತ್ರ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ಚೌತಿಯು ಮನೆಮನೆಯ ಹಬ್ಬ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದವರು ರೈಲು, ಬಸ್ಸುಗಳಲ್ಲಿ ಮೂಲಮನೆಗೆ ಬಂದು ಸೇರುತ್ತಾರೆ. ಫಲಾವಳಿ ಕಟ್ಟಿ ಗಣಪತಿಯನ್ನು ಪೂಜಿಸುತ್ತಾರೆ. ಸಂಭ್ರಮದ ಈ ದಿನಗಳಲ್ಲಿಯೇ ಅನೇಕ ಮನೆಗಳಲ್ಲಿ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಸಾಲದ ಚಿಂತೆ ಕಾಡುತ್ತದೆ. ಇದನ್ನು ಆಯಾ ವ್ಯಕ್ತಿಯ ದೌರ್ಬಲ್ಯವೆಂದು ಭಾವಿಸುವುದು ಸರಿಯಲ್ಲ. ಇದರ ಕಾರಣಗಳು ಬಹುಮಟ್ಟಿಗೆ ಕರಾವಳಿಯ ಋತುಮಾನದಲ್ಲಿಯೇ ಇವೆ. ಆದುದರಿಂದ ಪರಿಹಾರದಲ್ಲಿ ಗ್ರಾಮ ಪಂಚಾಯತಿಗೂ ಪಾಲಿದೆ.

ಒತ್ತಡ ಉಂಟಾಗುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬಳಿಕ ದೋಣಿಗಳು ಕಡಲಿಗಿಳಿದರೂ ಗಾಳಿಮಳೆಯಿಂದ ಗಳಿಕೆ ನಿಶ್ಚಿತವಲ್ಲ. ಭತ್ತ ಇನ್ನೂ ಗದ್ದೆಯಲ್ಲಿರುತ್ತದೆ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದಿನ ಖರ್ಚು ಆಗಷ್ಟೇ ಆಗಿರುತ್ತದೆ. ಹೀಗೆ ಕೈಯಲ್ಲಿ ಹಣ ಕಡಿಮೆ ಇರುವ ಹೊತ್ತಿಗೆ ವರ್ಷದ ದೊಡ್ಡ ಹಬ್ಬ ಬರುತ್ತದೆ. ಬಟ್ಟೆ, ದಿನಸಿ, ನೆಂಟರ ಉಪಚಾರ ಎಲ್ಲವೂ ಒಂದೇ ವಾರದಲ್ಲಿ ಕೂಡಿಬರುತ್ತವೆ. ಅಡುಗೆ, ಶುಚಿತ್ವ, ಹಿರಿಯರ ಆರೈಕೆಯ ಹೊರೆ ಹೆಚ್ಚಾಗಿ ಮನೆಯ ಹೆಂಗಸರ ಮೇಲೆ ಬೀಳುತ್ತದೆ.

ಚಿಂತೆ ಮತ್ತು ನಿದ್ರಾಹೀನತೆಗಳಿಂದ ರಕ್ತದೊತ್ತಡ, ಸಕ್ಕರೆಯ ಪ್ರಮಾಣ ಏರುವುದುಂಟು. ಅದರ ಮೇಲೆ ಉಪ್ಪು, ಎಣ್ಣೆ, ಬೆಲ್ಲ ಹೆಚ್ಚಾದ ತಿನಿಸು ಸೇರುತ್ತದೆ. ಗಡಿಬಿಡಿಯಲ್ಲಿ ಮಾತ್ರೆ ತಪ್ಪುತ್ತದೆ. ಈ ಮೂರೂ ಒಟ್ಟಾದಾಗ ಅಪಾಯ ಹೆಚ್ಚು.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

ಸಾರ್ವತ್ರಿಕ ರಜೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಸೇವೆ ಎಂದಿನಂತೆ ದೊರೆಯದಿರಬಹುದು. ಆದ್ದರಿಂದ ರಕ್ತದೊತ್ತಡ, ಮಧುಮೇಹವುಳ್ಳವರು ಹಬ್ಬಕ್ಕೆ ಒಂದು ವಾರ ಮೊದಲೇ ತಪಾಸಣೆ ಮಾಡಿಸಿಕೊಂಡು ಮಾತ್ರೆ ಪಡೆದಿರಬೇಕು. ಉಪವಾಸ ಕೈಗೊಳ್ಳುವ ಮಧುಮೇಹಿಗಳು ವೈದ್ಯರ ಸಲಹೆ ಪಡೆಯದೆ ಮಾತ್ರೆ ಅಥವಾ ಇನ್ಸುಲಿನ್ ಬದಲಿಸಬಾರದು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚಕ್ಕುಲಿ, ಉಪ್ಪಿನಕಾಯಿ, ಹಪ್ಪಳಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲದ ಜ್ವರ, ಮೈಕೈ ನೋವನ್ನು ಹಬ್ಬದ ದಣಿವೆಂದು ತಳ್ಳಿಹಾಕಬಾರದು. ಅದು ಡೆಂಗಿ ಅಥವಾ ಇಲಿಜ್ವರವಾಗಿರಬಹುದು. ಕೂಡಲೇ ವೈದ್ಯರನ್ನು ಕಾಣಬೇಕು.

ಕೆಲಸ ಹಂಚಿಕೊಳ್ಳುವುದಕ್ಕೆ ಮಾದರಿ ಜಿಲ್ಲೆಯಲ್ಲಿಯೇ ಇದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಚೌತಿಗೆ ಮುನ್ನ ‘ಚಕ್ಕುಲಿ ಕಂಬಳ’ ನಡೆಯುತ್ತದೆ. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ ಚಕ್ಕುಲಿ ಸುತ್ತುತ್ತಾರೆ, ಗಂಡಸರೂ ಕೈಜೋಡಿಸುತ್ತಾರೆ. ಕೆಲಸವೂ ಮುಗಿಯುತ್ತದೆ, ಮನಸ್ಸೂ ಹಗುರವಾಗುತ್ತದೆ. ಅಡುಗೆ, ಪಾತ್ರೆ, ನೆಂಟರ ಉಪಚಾರಗಳನ್ನೂ ಹೀಗೆಯೇ ಹಂಚಿಕೊಳ್ಳಬಹುದು.

ಹಬ್ಬದ ಸಾಲ

ಖರ್ಚನ್ನು ಮೊದಲೇ ಬರೆದಿಟ್ಟು, ಕೈಲಾದಷ್ಟಕ್ಕೆ ಮಿತಿಗೊಳಿಸುವುದು ಉತ್ತಮ. ಅನಿವಾರ್ಯವಾದಲ್ಲಿ ಸ್ವಸಹಾಯ ಸಂಘ ಅಥವಾ ಸಹಕಾರಿ ಸಂಘವನ್ನು ಮೊದಲು ವಿಚಾರಿಸಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಕಿರುಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಅದರ ಮಾಸಿಕ ಆದಾಯದ ಶೇ. 50ನ್ನು ಮೀರಬಾರದು, ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರನ್ನು ಪೀಡಿಸುವಂತಿಲ್ಲ. ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರವೂ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಕಿರುಕುಳಕ್ಕೊಳಗಾದವರು ಪೊಲೀಸ್ ಠಾಣೆಗೆ ದೂರು ನೀಡಬಹುದು. ಸದಸ್ಯರು ಅವರ ಜೊತೆ ನಿಂತರೆ ಧೈರ್ಯ ಬರುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಚೌತಿಗೆ ಮುಂಚಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತಂದು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮೂಲಕ ವಾರ್ಡುವಾರು ರಕ್ತದೊತ್ತಡ, ಸಕ್ಕರೆ ತಪಾಸಣೆಗೆ ಆರೋಗ್ಯ ಕೇಂದ್ರದ ಸಹಕಾರ ಕೋರುವುದು.

2. ಒಂಟಿಯಾಗಿರುವ ಹಿರಿಯರು, ಆ ವರ್ಷ ಸಾವು ಸಂಭವಿಸಿದ ಮನೆಗಳು, ಸಾಲದ ಬಾಧೆಯಲ್ಲಿರುವವರನ್ನು ಆಶಾ ಕಾರ್ಯಕರ್ತೆಯರೊಡನೆ ಖುದ್ದಾಗಿ ಕಂಡು ವಿಚಾರಿಸುವುದು. ಊರೆಲ್ಲ ಸಂಭ್ರಮಿಸುವಾಗ ಇಂಥ ಮನೆಗಳ ಮೌನ ಯಾರಿಗೂ ಕಾಣದೆ ಹೋಗುತ್ತದೆ.

3. ಸಾರ್ವಜನಿಕ ಗಣೇಶೋತ್ಸವ ಸಮಿತಿಗಳೊಡನೆ ಮಾತನಾಡಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಯ ಕುರಿತ ನಿಯಮವನ್ನು ಪಾಲಿಸುವಂತೆ ಮನವೊಲಿಸುವುದು. ರೋಗಿಗಳಿಗೂ ಶಿಶುಗಳಿಗೂ ನಿದ್ರೆ ಔಷಧಕ್ಕೆ ಸಮಾನ.

4. ಪಂಚಾಯತ್ ಕಚೇರಿ, ಅಂಗನವಾಡಿ, ಹಾಲು ಸಂಘಗಳ ಫಲಕದಲ್ಲಿ ಸಹಾಯವಾಣಿಗಳ ಸಂಖ್ಯೆಯನ್ನು ಬರೆಸುವುದು.

ತಡಮಾಡಬಾರದ ಸಂದರ್ಭಗಳು

ಎದೆನೋವು, ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಕಂಡುಬಂದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಎರಡು ವಾರ ಮೀರಿದ ಬೇಸರ, ನಿದ್ರಾಹೀನತೆ, ಹೆಚ್ಚಿದ ಕುಡಿತ ಕಂಡರೆ ವೈದ್ಯಕೀಯ ನೆರವು ಅಗತ್ಯ. ‘ಬದುಕು ಸಾಕು’ ಎಂಬ ಮಾತನ್ನು ಎಂದಿಗೂ ಲಘುವಾಗಿ ಪರಿಗಣಿಸಬಾರದು. ಹಾಗೆ ನುಡಿದವರನ್ನು ಒಂಟಿಯಾಗಿ ಬಿಡದೆ, ಉಪದೇಶಿಸದೆ, ಅವರ ಮಾತನ್ನು ಆಲಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಆಪ್ತಸಲಹೆ ದೊರೆಯುತ್ತದೆ.

ರಂಜಾನ್, ದೀಪಾವಳಿ, ಕ್ರಿಸ್‌ಮಸ್ ಹಾಗೂ ಜಾತ್ರೆಗಳ ಕಾಲಕ್ಕೂ ಈ ಕ್ರಮಗಳು ಅನ್ವಯಿಸುತ್ತವೆ. ರಸ್ತೆ, ನೀರು, ದೀಪಗಳ ವ್ಯವಸ್ಥೆಯ ಜೊತೆಗೆ ಜನರ ನೆಮ್ಮದಿಯೂ ಹಬ್ಬದ ಸಿದ್ಧತೆಯ ಪಟ್ಟಿಯಲ್ಲಿರಲಿ. ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ. ಸದಸ್ಯರು ತಮ್ಮ ವಾರ್ಡಿನ ಮನೆಗಳಿಗೆ ಒಮ್ಮೆ ಹೋಗಿ ಕ್ಷೇಮ ವಿಚಾರಿಸಿದರೆ ಕೆಲಸ ಆರಂಭವಾದಂತೆಯೇ.