ಮೆಣಸಿನಕಾಯಿ ತೋರಿಸಿದ ನೋವಿನ ಬಾಗಿಲು

ಹಸಿಮೆಣಸಿನಕಾಯಿ ಹೆಚ್ಚಿದ ಕೈಯಿಂದ ಮರೆತು ಕಣ್ಣುಜ್ಜಿಕೊಂಡರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬೆಂಕಿ ತಗುಲಿದಂಥ ಉರಿ! ಅಲ್ಲಿ ಬೆಂಕಿಯೂ ಇಲ್ಲ, ಸುಟ್ಟ ಗಾಯವೂ ಇಲ್ಲ. ಹಾಗಿದ್ದರೆ ಉರಿ ಬಂದದ್ದೆಲ್ಲಿಂದ? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳಿಗೆ ನೋವಿನ ಬಾಗಿಲೊಂದು ಸಿಕ್ಕಿತು. ಅದನ್ನು ಮುಚ್ಚುವ ಕೆಲಸ ಮಾತ್ರ ಅಂದುಕೊಂಡಷ್ಟು ಸುಲಭವಾಗಲಿಲ್ಲ.

ಹೊಸ ನೋವುನಿವಾರಕಗಳ ಅಗತ್ಯ ದೊಡ್ಡದು. ಮಾರ್ಫೀನ್ ತೀವ್ರ ನೋವನ್ನು ತಗ್ಗಿಸುತ್ತದೆ, ನಿಜ. ಆದರೆ ಅದು ಚಟ ಹತ್ತಿಸಬಲ್ಲದು. ಪ್ರಮಾಣ ಮೀರಿದರೆ ಉಸಿರನ್ನೇ ನಿಲ್ಲಿಸಬಲ್ಲದು. ಆಸ್ಪಿರಿನ್‌ನಂಥ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಜಠರದಲ್ಲಿ ಹುಣ್ಣಾಗುವ ಭಯ.

ಖಾರದ ಬೀಗ

ಜೀವಕೋಶಗಳ ಪೊರೆಯಲ್ಲಿ ಗ್ರಾಹಿಗಳೆಂಬ ಪ್ರೋಟೀನುಗಳು ಹುದುಗಿರುತ್ತವೆ. ಬೀಗಕ್ಕೆ ಅದರದೇ ಕೀಲಿಕೈ ಇರುವಂತೆ, ಗ್ರಾಹಿಯೂ ತನಗೆ ಹೊಂದುವ ವಸ್ತುವಿಗೆ ಮಾತ್ರ ಓಗೊಡುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೋವಿನ ನರಗಳನ್ನು ಕೆರಳಿಸುತ್ತದೆಂಬುದು ಮೊದಲೇ ತಿಳಿದಿತ್ತು. ಅದರ ಬೀಗ ಯಾವುದೆಂಬುದು ತಿಳಿದಿರಲಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಖಾರಕ್ಕೆ ಜಗ್ಗದ ಜೀವಕೋಶಗಳನ್ನು ಆರಿಸಿಕೊಂಡರು. ನೋವಿನ ನರಕೋಶಗಳಿಂದ ಪಡೆದ ಲಕ್ಷಾಂತರ ಡಿಎನ್ಎ ತುಣುಕುಗಳನ್ನು ಗುಂಪು ಗುಂಪಾಗಿ ಅವುಗಳಿಗೆ ಸೇರಿಸಿ, ಕ್ಯಾಪ್ಸೈಸಿನ್ ಹಾಕಿ ನೋಡಿದರು. ಜರಡಿ ಹಿಡಿಯುತ್ತ ಹೋದಂತೆ ಕೊನೆಗೆ ಒಂದೇ ಜೀನ್ ಉಳಿಯಿತು. ಅದು ತಯಾರಿಸುವ ಗ್ರಾಹಿಯನ್ನು ಈಗ ಟಿಆರ್‌ಪಿವಿ1 ಎನ್ನುತ್ತಾರೆ.

1997ರಲ್ಲಿ ಪ್ರಕಟವಾದ ಈ ಶೋಧದಲ್ಲಿ ಇನ್ನೊಂದು ಅಚ್ಚರಿಯಿತ್ತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೂ ಇದೇ ಗ್ರಾಹಿ ತೆರೆದುಕೊಳ್ಳುತ್ತದೆ. ತೆರೆದೊಡನೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಒಳನುಗ್ಗಿ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಬಾಗಿಲು ತಟ್ಟಿದ್ದು ಖಾರವೋ ಬೆಂಕಿಯೋ, ಮಿದುಳಿಗೆ ತಲುಪುವುದು ಉರಿಯ ಸುದ್ದಿಯೇ. ಹಕ್ಕಿಗಳ ಗ್ರಾಹಿ ಶಾಖಕ್ಕೆ ತೆರೆದರೂ ಕ್ಯಾಪ್ಸೈಸಿನ್‌ಗೆ ಜಗ್ಗದು. ಗಿಳಿ ಮೆಣಸಿನಕಾಯಿಯನ್ನು ನಿಶ್ಚಿಂತೆಯಿಂದ ತಿನ್ನುವ ಗುಟ್ಟು ಇದೇ.

ಮುಚ್ಚಿದರೆ ಜ್ವರ

ಬಾಗಿಲು ಮುಚ್ಚಿದರೆ ನೋವು ನಿಲ್ಲಬೇಕಲ್ಲವೆ? ಔಷಧ ಕಂಪನಿಗಳು ಗ್ರಾಹಿಯನ್ನು ತಡೆಯುವ ರಾಸಾಯನಿಕಗಳನ್ನು ತಯಾರಿಸಿದವು. ಆದರೆ ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ, 2008ರಲ್ಲಿ ವರದಿಯಾದ ಪ್ರಯೋಗದಲ್ಲಿ ಕೆಲವರ ಮೈ ಬಿಸಿಯೇರಿತು. ಒಬ್ಬರಲ್ಲಿ ಅದು 40 ಡಿಗ್ರಿಯನ್ನೂ ದಾಟಿತು. ದೇಹದ ಶಾಖವನ್ನು ಹದದಲ್ಲಿಡುವುದರಲ್ಲೂ ಈ ಗ್ರಾಹಿಗೆ ಪಾಲಿತ್ತು. ಇಂಥ ಬೇರೆ ಔಷಧಿಗಳನ್ನು ತೆಗೆದುಕೊಂಡವರಿಗೆ ಸುಡುವ ಬಿಸಿಯ ಅರಿವೇ ಕುಂದಿತು. ಬಿಸಿ ತಿಳಿಯದವನು ಕೈ ಹಿಂದಕ್ಕೆಳೆದುಕೊಳ್ಳುವುದೆಂತು? ನೋವು ಶತ್ರುವಷ್ಟೇ ಅಲ್ಲ, ಕಾವಲುಗಾರನೂ ಹೌದು.

ದಣಿಸುವ ಉಪಾಯ

ಇನ್ನೊಂದು ದಾರಿ ಇದಕ್ಕೆ ತೀರ ವಿರುದ್ಧವಾದದ್ದು. ಬಾಗಿಲನ್ನು ಮುಚ್ಚುವ ಬದಲು ಬಲವಾಗಿ ತೆರೆದು, ನರದ ತುದಿಯನ್ನೇ ದಣಿಸುವುದು! ಸರ್ಪಸುತ್ತು ವಾಸಿಯಾದ ಮೇಲೂ ಕೆಲವರನ್ನು ತಿಂಗಳುಗಟ್ಟಲೆ ಕಾಡುವ ನರದ ನೋವಿಗೆ, ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ ಅಮೆರಿಕ 2009ರಲ್ಲಿ ಅನುಮತಿ ನೀಡಿತು. ವೈದ್ಯರ ಕಣ್ಗಾವಲಿನಲ್ಲಿ ಒಂದು ಗಂಟೆ ಅಂಟಿಸಿ ತೆಗೆದರೆ, ಹಲವರಿಗೆ ಸುಮಾರು ಮೂರು ತಿಂಗಳು ನೋವು ಇಳಿದಿರುತ್ತದೆ. ಹಾಗೆಂದು ಮನೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಿಕೊಳ್ಳುವ ಸಾಹಸ ಸಲ್ಲದು.

ಜೂಲಿಯಸ್ ಅವರಿಗೆ 2021ರಲ್ಲಿ, ಸ್ಪರ್ಶದ ಗ್ರಾಹಿಗಳನ್ನು ಕಂಡುಹಿಡಿದ ಆರ್ಡೆಮ್ ಪಟಾಪೌಟಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಹುಡುಕಾಟ ಈಗ ಬೇರೆ ಬಾಗಿಲುಗಳತ್ತಲೂ ಸಾಗಿದೆ. ನೋವಿನ ನರಗಳಲ್ಲಿರುವ ಒಂದು ಬಗೆಯ ಸೋಡಿಯಂ ಕಾಲುವೆಯನ್ನು ತಡೆಯುವ ಸುಜೆಟ್ರಿಜಿನ್ ಮಾತ್ರೆಗೆ ಅಮೆರಿಕ 2025ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಮಿದುಳಿನ ಹೊರಗಿನ ನರಗಳಲ್ಲಿ ಕೆಲಸ ಮಾಡುವ ಅದು ಮಾರ್ಫೀನಿನಂತೆ ಚಟ ಹತ್ತಿಸದೆಂಬ ನಿರೀಕ್ಷೆ. ಆದರೆ ಆಗ ದೊರೆತ ಒಪ್ಪಿಗೆ ಶಸ್ತ್ರಚಿಕಿತ್ಸೆಯ ನಂತರದಂಥ ಅಲ್ಪಕಾಲದ ನೋವಿಗಷ್ಟೇ. ವರ್ಷಗಟ್ಟಲೆ ನರಳುವವರಿಗೆ, ಕಾವಲುಗಾರನನ್ನು ಮಲಗಿಸದೆ ಅವನ ವ್ಯರ್ಥ ಕೂಗನ್ನಷ್ಟೇ ನಿಲ್ಲಿಸುವ ಮದ್ದು ಬೇಕಾಗಿದೆ.