ಹಸಿವೂ ಋತುವೂ

ಶಿವಾಜಿನಗರದ ಒಂದು ದವಾಖಾನೆಯಲ್ಲಿ, ಮಗಳ ಕೈಹಿಡಿದು ಬಂದ ತಾಯಿಯೊಬ್ಬಳು "ಮುಟ್ಟು ನಿಂತು ಐದು ತಿಂಗಳಾಯ್ತಮ್ಮ, ಗರ್ಭಕೋಶಕ್ಕೇನಾದ್ರೂ ಆಗಿದೆಯೇನೋ ನೋಡಿ" ಎಂದು ಕಣ್ಣೊರೆಸಿಕೊಂಡಾಗ, ವೈದ್ಯೆಯು ಗರ್ಭಕೋಶದ ಮಾತನ್ನೇ ಎತ್ತದೆ ಹುಡುಗಿಯತ್ತ ತಿರುಗಿ "ನಿನ್ನೆ ಬೆಳಗಿನಿಂದ ಏನೇನು ತಿಂದೆ, ಹೇಳಮ್ಮ" ಎಂದು ಕೇಳಿದುದನ್ನು ನಾನು ಮರೆಯಲಾರೆ. ಒಂದು ಲೋಟ ಕಾಫಿ, ಎರಡು ಬಿಸ್ಕತ್ತು, ರಾತ್ರಿಗೆ ಅರ್ಧ ಚಪಾತಿ. ದಪ್ಪಗಾದೇನೆಂಬ ಭಯದಿಂದ ಆಕೆ ಅಷ್ಟಕ್ಕೇ ನಿಲ್ಲಿಸಿದ್ದಳು. ಸಾಲದೆಂದು ಪ್ರತಿ ಮುಂಜಾನೆ ಹಲಸೂರು ಕೆರೆಯ ಬದಿಯಲ್ಲಿ ಓಡುತ್ತಿದ್ದಳು.

ಋತುಚಕ್ರದ ತಾಳವನ್ನು ಹಿಡಿದಿರುವುದು ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್. ಅಲ್ಲಿ ಚದುರಿಕೊಂಡಿರುವ ಒಂದೆರಡು ಸಾವಿರ ನರಕೋಶಗಳು, ಹತ್ತೇ ಅಮೈನೋ ಆಮ್ಲಗಳಿಂದಾದ ಜಿಎನ್‌ಆರ್‌ಎಚ್ ಎಂಬ ಚೋದನಿಕವನ್ನು, ಚಕ್ರದ ಪೂರ್ವಾರ್ಧದಲ್ಲಿ ಸುಮಾರು ಗಂಟೆ, ಒಂದೂವರೆ ಗಂಟೆಗೊಮ್ಮೆ, ಮಿಡಿತ ಮಿಡಿತವಾಗಿ ಬಿಡುತ್ತವೆ. ಆ ಮಿಡಿತಕ್ಕೆ ಓಗೊಟ್ಟು ಪಿಟ್ಯುಟರಿ ಗ್ರಂಥಿಯು ಅಂಡಾಶಯವನ್ನು ಎಚ್ಚರಿಸುತ್ತದೆ. ಮಿಡಿತವು ವಿರಳವಾದರೆ ಅಂಡ ಬಲಿಯದು, ಮುಟ್ಟು ಬಾರದು.

ಆದರೆ ಅನ್ನದ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವವರಾರು? ಮೈಯ ಕೊಬ್ಬು ತಾನೇ ಲೆಪ್ಟಿನ್ ಎಂಬ ಚೋದನಿಕವನ್ನು ರಕ್ತಕ್ಕೆ ಸೇರಿಸುತ್ತದೆಂದು ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ನರು 1994ರಲ್ಲಿ ತೋರಿಸಿಕೊಟ್ಟರು. ವಿಚಿತ್ರವೆಂದರೆ, ಜಿಎನ್‌ಆರ್‌ಎಚ್ ಕೋಶಗಳು ಲೆಪ್ಟಿನ್ನಿನ ಮಾತನ್ನು ನೇರವಾಗಿ ಅರಿಯವು. ಸುದ್ದಿಯು ಮಧ್ಯವರ್ತಿಗಳಾದ ಇತರ ನರಕೋಶಗಳನ್ನು ಹಾದು ಹೋಗಬೇಕು. ಇವುಗಳಲ್ಲಿ ಮುಖ್ಯವಾದುವು ಕಿಸ್‌ಪೆಪ್ಟಿನ್ ಕೋಶಗಳು. ಕಿಸ್‌ಪೆಪ್ಟಿನ್ನಿಗೆ ಓಗೊಡುವ ಗ್ರಾಹಕವು ಕೆಟ್ಟಿರುವವರು ಪ್ರಾಯಕ್ಕೇ ಬರುವುದಿಲ್ಲವೆಂಬುದು 2003ರಲ್ಲಿ ತಿಳಿದುಬಂದಿತು. ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ: ಉಪವಾಸ ಮಾಡಿದರೆ, ಕೊಬ್ಬು ಕಣ್ಣಿಗೆ ಕಾಣುವಷ್ಟು ಕರಗುವುದಕ್ಕೆ ಬಹು ಮೊದಲೇ, ಎರಡು ಮೂರು ದಿನಗಳಲ್ಲಿಯೇ ಲೆಪ್ಟಿನ್ ಇಳಿದುಬಿಡುತ್ತದೆ, ಮೆದುಳಿನ ಮಿಡಿತವೂ ತಗ್ಗತೊಡಗುತ್ತದೆ. ಗಂಡಸರೂ ಇದಕ್ಕೆ ಹೊರತಲ್ಲ. ಅವರ ಟೆಸ್ಟೋಸ್ಟೆರೋನ್ ಕೂಡ ಕುಗ್ಗುತ್ತದೆ.

ಹಸಿವು ಸಂತಾನವನ್ನು ತಡೆಯುವ ಈ ನಿಯಮವನ್ನು ನಮ್ಮ ನೆಲ ಘೋರವಾಗಿ ಅನುಭವಿಸಿದೆ. 1864ರಲ್ಲಿ ಬೆಂಗಳೂರಿನ ದಂಡಿನ ನಿಲ್ದಾಣದವರೆಗೆ ತೆರೆದ ರೈಲುದಾರಿಯಲ್ಲಿ, 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮದರಾಸಿನ ಧಾನ್ಯದ ಮೂಟೆಗಳು ಬಂದಿಳಿದವು. ಆದರೂ 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸತ್ತವರ ಲೆಕ್ಕದ ಹಿಂದೆ ಹುಟ್ಟದೆ ಉಳಿದವರ ಲೆಕ್ಕವೂ ಇದೆ. ಹಾಲೆಂಡಿನಲ್ಲಿ 1944–45ರ ಚಳಿಗಾಲದ ಕ್ಷಾಮದಲ್ಲಿ ಅನೇಕ ಸ್ತ್ರೀಯರ ಮುಟ್ಟು ನಿಂತು, ಒಂಬತ್ತು ತಿಂಗಳ ತರುವಾಯ ಜನನಗಳು ಕುಸಿದುವು. ಒಡಲಿಗೇ ಕೂಳಿಲ್ಲದಾಗ ಇನ್ನೊಂದು ಜೀವವನ್ನು ಹೊರುವ ಭಾರವನ್ನು ಮೆದುಳು ಮುಂದೂಡುತ್ತದೆ.

ಬರದ ಕಾಲದ ಆ ತೀರ್ಪನ್ನೇ, ಅನ್ನವಿರುವ ಮನೆಯ ಹುಡುಗಿಯ ಮೇಲೂ ಮೆದುಳು ವಿಧಿಸುತ್ತದೆ. ಹಸಿವು ಬಡತನದ್ದೋ ಹಟದ್ದೋ ಎಂಬುದನ್ನು ಅದು ವಿಚಾರಿಸುವುದಿಲ್ಲ. ಇದನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಅಂಡಾಶಯದ ಚೋದನಿಕವಾದ ಈಸ್ಟ್ರೋಜನ್ ಕುಗ್ಗಿದಾಗ ಬೆಳೆಯುವ ವಯಸ್ಸಿನ ಮೂಳೆಗಳು ಸವೆಯುತ್ತವೆ. ಮುಟ್ಟು ನಿಲ್ಲುವುದಕ್ಕೆ ಬೇರೆ ಕಾರಣಗಳೂ ಉಂಟು. ಆದುದರಿಂದ ಮೂರು ತಿಂಗಳು ಮುಟ್ಟಾಗದ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ, ಆಕೆಯ ತಟ್ಟೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿರಿ.