ಕನ್ನಡ ಫಾಂಟಿಗೆ ಮತವಿಲ್ಲ

ಡೆಬಿಯನ್ ಲಿನಕ್ಸನ್ನು ಕಂಪ್ಯೂಟರಿಗೆ ಹಾಕುವಾಗ ಒಂದು ಪ್ರಶ್ನೆ ಎದುರಾಗುತ್ತದೆ: ಪ್ಯಾಕೇಜುಗಳ ಬಳಕೆಯ ಸಮೀಕ್ಷೆಗೆ ಸೇರುತ್ತೀರಾ? 'ಇಲ್ಲ' ಎಂಬ ಉತ್ತರ ಮೊದಲೇ ಆಯ್ಕೆಯಾಗಿರುತ್ತದೆ. ಓದದೆ ಎಂಟರ್ ಒತ್ತಿದವರೆಲ್ಲ ಲೆಕ್ಕದಿಂದ ಹೊರಗೆ.

ಮುಕ್ತ ತಂತ್ರಾಂಶಕ್ಕೆ ಮಾರಾಟದ ರಸೀದಿ ಇಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಪೆನ್‌ಡ್ರೈವಿನಲ್ಲಿ ಗೆಳೆಯರಿಗೆ ಕೊಡಬಹುದು. ಹಾಗಾಗಿ ಎಷ್ಟು ಜನ, ಯಾವ ತಂತ್ರಾಂಶ ಬಳಸುತ್ತಾರೆಂಬುದು ತಯಾರಿಸಿದವರಿಗೇ ಗೊತ್ತಿರುವುದಿಲ್ಲ. ಅದಕ್ಕೆಂದೇ 1998ರಲ್ಲಿ ಏವರಿ ಪೆನ್ನರನ್ ಡೆಬಿಯನ್‌ಗಾಗಿ 'ಪಾಪ್ಯುಲಾರಿಟಿ ಕಾಂಟೆಸ್ಟ್' ಬರೆದರು. ಬಳಕೆದಾರರ ಬಾಯಲ್ಲಿ ಅದು ಪಾಪ್‌ಕಾನ್.

ಅದರ ಕೆಲಸ ಸರಳ. ವಾರಕ್ಕೊಮ್ಮೆ ಅದು ಯಂತ್ರದಲ್ಲಿರುವ ಪ್ಯಾಕೇಜುಗಳ ಪಟ್ಟಿ ಹಿಡಿದು, ಪ್ರತಿಯೊಂದರ ಪ್ರೋಗ್ರಾಂ ಕಡತವನ್ನು ಕೊನೆಯ ಸಲ ತೆರೆದದ್ದು ಯಾವಾಗ ಎಂದು ನೋಡುತ್ತದೆ. ಕಳೆದ 30 ದಿನಗಳಲ್ಲಿ ತೆರೆದಿದ್ದರೆ ಆ ಪ್ಯಾಕೇಜಿಗೆ ಒಂದು ಮತ. ಇಲ್ಲದಿದ್ದರೆ 'ಹಳೆಯದು' ಎಂಬ ಕಾಲಂಗೆ. ಹೆಸರು, ವಿಳಾಸ ಏನೂ ಇಲ್ಲ. ಯಂತ್ರಕ್ಕೊಂದು ಯಾದೃಚ್ಛಿಕ ಸಂಖ್ಯೆ ಮಾತ್ರ. ಮೊದಲ ಸಿಡಿಯಲ್ಲಿ ಯಾವ ಪ್ಯಾಕೇಜುಗಳಿರಬೇಕು ಎಂದು ತೀರ್ಮಾನಿಸಲು ಡೆಬಿಯನ್ ಈ ಲೆಕ್ಕವನ್ನು ಬಳಸಿತು.

ಕನ್ನಡದ ವಿಷಯಕ್ಕೆ ಬಂದರೆ ಈ ಎಣಿಕೆ ಎಡವುತ್ತದೆ. ಅರವಿಂದ ವಿ.ಕೆ. ರೂಪಿಸಿದ 'ಗುಬ್ಬಿ' ಮತ್ತು 'ನವಿಲು' ಫಾಂಟುಗಳು ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. ಆದರೆ ಪಾಪ್‌ಕಾನ್ ಹುಡುಕುವುದು ಓಡುವ ಪ್ರೋಗ್ರಾಂಗಳನ್ನು. ಫಾಂಟು ಓಡುವ ವಸ್ತುವಲ್ಲ. ದಿನವಿಡೀ ಗುಬ್ಬಿಯಲ್ಲೇ ಕನ್ನಡ ಓದಿದರೂ ಅದಕ್ಕೆ ಮತ ಬೀಳದು, 'ಕಡತಗಳಿಲ್ಲ' ಎಂಬ ಕಾಲಂಗೆ ಹೋಗಿ ಬೀಳುತ್ತದೆ. ಸರಿ, ಎಷ್ಟು ಯಂತ್ರಗಳಲ್ಲಿ ಫಾಂಟು ಇದೆ ಎಂದಾದರೂ ನೋಡೋಣವೆಂದರೆ, ಭಾರತದ ಎಲ್ಲ ಲಿಪಿಗಳ ಫಾಂಟುಗಳನ್ನು ಒಟ್ಟಿಗೆ ಎಳೆದು ತರುವ ಪ್ಯಾಕೇಜೂ ಇದೆ. ಕನ್ನಡದ ಒಂದಕ್ಷರ ಬಾರದವರ ಯಂತ್ರದಲ್ಲೂ ಕನ್ನಡ ಫಾಂಟು ಕೂತಿರುತ್ತದೆ.

ಉಬುಂಟು ಲಿನಕ್ಸ್ ಬೇರೆ ದಾರಿ ಹಿಡಿಯಿತು. 2018ರ 18.04 ಆವೃತ್ತಿಯಿಂದ ಅದು ಯಂತ್ರದ ರ‍್ಯಾಮ್, ಪರದೆಯ ಅಳತೆ, ಭಾಷೆ, ಸಮಯವಲಯ ಇಷ್ಟನ್ನು ಗುರುತಿನ ಸಂಖ್ಯೆಯಿಲ್ಲದೆ ಕಳಿಸಲು ಅನುಮತಿ ಕೇಳುತ್ತದೆ. ಇಲ್ಲಿ ಮೊದಲೇ ಆಯ್ಕೆಯಾಗಿದ್ದ ಉತ್ತರ 'ಹೌದು'. ಆ ವರ್ಷ ಶೇ. 67ರಷ್ಟು ಮಂದಿ ಒಪ್ಪಿದರು. ಡೀಫಾಲ್ಟ್ ಉತ್ತರಕ್ಕೆ ಎಷ್ಟು ಶಕ್ತಿಯಿದೆ ನೋಡಿ!

ಆದರೆ ಕನ್ನಡದ ಲೆಕ್ಕಕ್ಕೆ ಇದೂ ಸಾಲದು: ಭಾರತಕ್ಕೆಲ್ಲ ಒಂದೇ ಸಮಯವಲಯ. ನಾಗಪುರ ಜಿಲ್ಲೆಯ ಕಳಮೇಶ್ವರದ ಲ್ಯಾಪ್‌ಟಾಪೂ ಕಾಸರಗೋಡಿನ ಲ್ಯಾಪ್‌ಟಾಪೂ ಆ ಕಾಲಂನಲ್ಲಿ ಕೋಲ್ಕತಾ ಸಮಯದವೇ. ಭಾಷೆಯ ಕಾಲಂ ಹೇಳುವುದು ಮೆನುವಿನ ಭಾಷೆಯನ್ನು. ಮೆನುವನ್ನು ಇಂಗ್ಲಿಷಿನಲ್ಲಿಟ್ಟುಕೊಂಡು ಕನ್ನಡ ಬರೆಯುವವರು ಇಂಗ್ಲಿಷಿನ ಲೆಕ್ಕಕ್ಕೇ ಸೇರುತ್ತಾರೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ 'ಕೈಟ್' ಸಂಸ್ಥೆಯ ಉಬುಂಟು ಆಧಾರಿತ ಲಿನಕ್ಸಿನಲ್ಲಿ ಕಂಪ್ಯೂಟರ್ ಕಲಿಯುತ್ತಾರೆ, ಪಠ್ಯವೂ ಕನ್ನಡದಲ್ಲಿದೆ. ಇಂಥ ಲ್ಯಾಬುಗಳನ್ನು ಎಣಿಸುವಾಗ ಇನ್ನೊಂದು ತೊಡಕು. ಪಾಪ್‌ಕಾನ್ ಚಾಲೂ ಇರುವ ಯಂತ್ರವೊಂದರ ಡಿಸ್ಕನ್ನು ಹಾಗೇ ಇಪ್ಪತ್ತು ಯಂತ್ರಗಳಿಗೆ ನಕಲು ಮಾಡಿದರೆ ಗುರುತಿನ ಸಂಖ್ಯೆಯೂ ನಕಲಾಗಿ, ಇಪ್ಪತ್ತೂ ಸೇರಿ ಒಂದಾಗುತ್ತವೆ. ಫೆಡೋರಾ ಲಿನಕ್ಸಿನ 2020ರ 32ನೇ ಆವೃತ್ತಿ ಗುರುತಿನ ಸಂಖ್ಯೆಯ ಗೊಡವೆಗೇ ಹೋಗಲಿಲ್ಲ: ಯಂತ್ರ ವಾರಕ್ಕೊಮ್ಮೆ ಅಪ್‌ಡೇಟ್ ಕೇಳುವಾಗ 'ನನ್ನನ್ನೂ ಎಣಿಸಿ' ಎಂದು, ತನ್ನ ವಯಸ್ಸು ಮೊದಲ ವಾರವೋ, ಮೊದಲ ತಿಂಗಳೋ, ಆರು ತಿಂಗಳೊಳಗೋ, ಅದಕ್ಕೂ ಹೆಚ್ಚೋ ಎಂದಷ್ಟೇ ಹೇಳುತ್ತದೆ. ಅಚ್ಚುಕಟ್ಟಾದ ಉಪಾಯ. ಆದರೆ ಅದರಲ್ಲಿ ಭಾಷೆಯ ಸುಳಿವೇ ಇಲ್ಲ.

ಹಾಗಾದರೆ ಹೆಚ್ಚು ವಿವರ ಕೇಳಬಹುದಲ್ಲ? ಕೇಳಿದಷ್ಟೂ ಅನಾಮಧೇಯತೆ ತೆಳುವಾಗುತ್ತದೆ. ಭಾಷೆ ಕನ್ನಡ, ಸಮಯವಲಯ ಓಸ್ಲೋ ಎಂಬ ಸಾಲಿನಲ್ಲಿ ಹೆಸರಿಲ್ಲದಿದ್ದರೂ ಅಲ್ಲಿನ ಕನ್ನಡ ಬಳಗದವರು ಆಸಾಮಿಯನ್ನು ಊಹಿಸಬಲ್ಲರು. ಇಂಗ್ಲಿಷ್ ಬಳಕೆದಾರರಿಗೆ ಜನಜಂಗುಳಿಯ ಮರೆಯಿದೆ; ಸಣ್ಣ ಭಾಷಾ ಗುಂಪುಗಳಿಗೆ ಅದು ಸಿಗದು.

ಆದ್ದರಿಂದ ಕನ್ನಡ ಲಿನಕ್ಸ್ ಬಳಕೆದಾರರು ಎಣಿಕೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಡೆಬಿಯನ್ ಇದ್ದರೆ ಪಾಪ್‌ಕಾನ್ ಏನು ಕಳಿಸುತ್ತದೆಂದು ಟರ್ಮಿನಲ್‌ನಲ್ಲಿ ನೀವೇ ನೋಡಿ, ಒಪ್ಪಿಗೆಯಾದರೆ ಚಾಲೂ ಮಾಡಿ. ಒತ್ತಕ್ಷರ ಒಡೆದು ಕಂಡರೆ ಮಾತ್ರ ಸುಮ್ಮನಿರಬೇಡಿ. ಪರದೆಯ ಚಿತ್ರದೊಂದಿಗೆ ದೋಷವರದಿ ಹಾಕಿ.